ಆಟದ ಲೆಕ್ಕಕ್ಕೆ ಬಂದ ಅಜ್ಜ

ಸಣ್ಣ ಮಕ್ಕಳಿಗೆ ಆಟ ಆಡಿಸುತ್ತಲೇ ಗಣಿತ ಕಲಿಸುತ್ತೇನೆ ಎಂದು ಹೊರಟವರಿಗೆ ಗಣಿತ ಕೈ ಹತ್ತುತ್ತದೋ ಇಲ್ಲವೋ, ದಿನಕ್ಕೊಂದು ಫಜೀತಿ ಮಾತ್ರ ತಪ್ಪುವುದಿಲ್ಲ. ಧಾರವಾಡದಿಂದ ಬಸ್ಸು ಹತ್ತಿ ಅಮ್ಮಿನಬಾವಿ ಕಡೆಯ ಒಂದು ಸಣ್ಣ ಊರಿನ ಸರಕಾರಿ ಶಾಲೆಗೆ ಹೋಗುವ ನನ್ನನ್ನು ಮಕ್ಕಳು ‘ಅಕ್ಕಾರ’ ಅನ್ನುತ್ತಾರೆ. ನನ್ನ ವರ್ಗವನ್ನು ಹೆಡ್ ಮಾಸ್ತರರು ‘ಗರಡಿಮನೆ’ ಅನ್ನುತ್ತಾರೆ. ಆ ವರ್ಷ ಒಂದನೇ ತರಗತಿಗೆ ಹನ್ನೊಂದೇ ಮಕ್ಕಳು. ಅದರಲ್ಲಿ ಒಂದು ಮಗು ಶಾಲೆ ಬಿಟ್ಟರೂ ಆಟ ಬಂದ್, ಸುಮ್ಮನೆ ಕೂತು ಮಗ್ಗಿ ಬರೆಸಬೇಕು ಎಂದು ಅವರು ಖಡಾಖಂಡಿತವಾಗಿ ಹೇಳಿಟ್ಟಿದ್ದರು.

ಒಂಟಿ ಕಾಲಿನ ಪರೀಕ್ಷೆ

ಅಂಗಳದಲ್ಲಿ ಸುಣ್ಣದಿಂದ ಇಪ್ಪತ್ತು ಮನೆ ಬರೆದಿದ್ದೆ. ಕುಂಟುತ್ತ ಹೋಗಬೇಕು, ಕಾಲಿಟ್ಟ ಮನೆಯ ಅಂಕಿ ಕೂಗಬೇಕು. ಎರಡೇ ವಾರದಲ್ಲಿ ಎಲ್ಲರಿಗೂ ಇಪ್ಪತ್ತರವರೆಗೆ ಬಾಯಿಪಾಠವಾಯಿತು. ಬೀಗುತ್ತ ಹೆಡ್ ಮಾಸ್ತರರನ್ನು ವರ್ಗಕ್ಕೆ ಕರೆದೆ.

ಅವರು ಮುಂದೆ ಕೂತಿದ್ದ ಹುಡುಗನನ್ನು ಎಬ್ಬಿಸಿ, “ಎಂಟರ ಮುಂದ ಏನ ಬರತೈತಿ?” ಎಂದರು. ಅವನು ನನ್ನ ಮುಖ ನೋಡಿದ, ನೆಲ ನೋಡಿದ. ಕಡೆಗೆ ನಿಧಾನವಾಗಿ ಎಡಗಾಲು ಎತ್ತಿ, “ಒಂಬತ್ತು ರೀ” ಎಂದ.

“ಕಾಲ ಯಾಕ ಎತ್ತೀದಿ?”

“ಎರಡೂ ಕಾಲ ಊರಿದ್ರ ಔಟ್ ಆಗ್ತೇನ್ರಿ.”

ಹಾಗಾದರೆ ಎಲ್ಲರೂ ಒಟ್ಟಿಗೆ ಎಣಿಸಲಿ ಎಂದರು ಹೆಡ್ ಮಾಸ್ತರರು. ಹನ್ನೊಂದು ಮಕ್ಕಳೂ ಎದ್ದು ನಿಂತರು, ಹನ್ನೊಂದು ಕಾಲು ಮೇಲೆ ಹೋದವು. ಅವರು ಕನ್ನಡಕ ತೆಗೆದು ಒರೆಸಿಕೊಂಡು ನನಗೆ ಹೇಳಿದರು: “ಅಕ್ಕಾರ, ನೂರರ ತನಕಾ ಕಲಿಸೂದಿದ್ರ ಮೊದಲ ಮೊಣಕಾಲಿಗೆ ಹಚ್ಚೂ ಎಣ್ಣಿ ತರಿಸಿಡ್ರಿ.”

ಹತ್ತು ಶೇಂಗಾ

ಕಳೆಯುವ ಲೆಕ್ಕಕ್ಕೆ ಶೇಂಗಾ ತಂದಿದ್ದೆ. ತಲೆಗೆ ಹತ್ತು ಕಾಯಿ. ಅವುಗಳಲ್ಲಿ ಕೆಲವನ್ನು ಬಚ್ಚಿಟ್ಟು, ಎಷ್ಟು ಉಳಿದವು ಎಂದು ಗೆಳೆಯ ಹೇಳುವ ಆಟ. ಆಟಕ್ಕೆ ಮುಂಚೆ ಒಬ್ಬಳನ್ನು, “ನಿನ್ನ ಹಂತೇಲಿ ಎಷ್ಟ ಅದಾವ?” ಎಂದೆ.

“ಹತ್ತೊಂಬತ್ತು ರೀ.”

ಕೊಟ್ಟಿದ್ದು ಹತ್ತು. ಹೋಗಿ ನೋಡಿದರೆ ಎಲ್ಲ ಒಡೆದು ಕಾಳು ಸಾಲಾಗಿ ಇಟ್ಟಿದ್ದಾಳೆ. ಒಂದು ಒಂಟಿಕಾಳಿನ ಕಾಯಿ ಇತ್ತಂತೆ. ಹೊಲದವರ ಮಗಳು, ಲೆಕ್ಕದಲ್ಲಿ ತಪ್ಪು ಹುಡುಕುವಂತಿಲ್ಲ. ಸರಿ, ಕಾಳಿನಿಂದಲೇ ಶುರು ಮಾಡೋಣ ಎಂದು ಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಇಡೀ ವರ್ಗದ ಬಾಯಿ ಆಡುತ್ತಿತ್ತು.

“ಈಗ ಎಷ್ಟ ಉಳದಾವ?” ಎಂದು ಸಿಟ್ಟಿನಲ್ಲೇ ಕೇಳಿದೆ.

ಆಕೆ ಬಹಳ ಗಂಭೀರವಾಗಿ, “ಅಕ್ಕಾರ, ಸಿಪ್ಪಿನೂ ಲೆಕ್ಕಾ ಹಿಡೀಬೇಕೇನ್ರಿ?” ಎಂದಳು.

ಅಳತೆಯ ಆಟ

ಆ ಶೇಂಗಾ ಹುಡುಗಿಯ ಅಜ್ಜ ಒಂದು ಶನಿವಾರ ಶಾಲೆಗೆ ಬಂದರು. ಬಂದವರು ಕೂಡಲೂ ಇಲ್ಲ.

“ಅಕ್ಕಾರ, ನಾವು ಕೂಸಿನ್ನ ಸಾಲಿಗೆ ಕಳಿಸೂದು ಆಡಾಕಲ್ರಿ. ಮನಿಗೆ ಬಂದ್ರ ಪಡಸಾಲ್ಯಾಗೂ ಕುಂಟಾಕತ್ತಾಳ. ಧಾರವಾಡದ ಸಾಲಿ ವ್ಯಾನ್ ನಮ್ಮ ಓಣಿ ತನಕಾ ಬರತೈತಿ. ಇಕಿ ಸಾಲಿ ಬಿಡೂ ಕಾಗದಾ ಕೊಟ್ಟಬಿಡ್ರಿ.”

ವರ್ಗದಲ್ಲೇ ಚುರುಕಾದ ಮಗು, ಜೊತೆಗೆ ಹನ್ನೊಂದರಲ್ಲಿ ಒಂದು. ಪಕ್ಕದಲ್ಲೇ ಇದ್ದ ಹೆಡ್ ಮಾಸ್ತರರು ನನ್ನ ಕಡೆ ಒಂದು ನೋಟ ಬಿಸಾಕಿ ಕಾಗದ ತಯಾರಿಸಲು ಆಫೀಸಿಗೆ ಹೋದರು. ಅಷ್ಟರ ತನಕ ಕೂಡ್ರಿ ಎಂದು ಅಜ್ಜನನ್ನು ವರ್ಗದಲ್ಲಿ ಕೂಡಿಸಿದೆ.

ಒಳಗೆ ಅಳತೆಯ ಆಟ ನಡೆದಿತ್ತು. ಬುಟ್ಟಿಯಲ್ಲಿ ಕಡಲೆ, ಪಕ್ಕದಲ್ಲಿ ಚಹಾದ ಗ್ಲಾಸು. ಎಷ್ಟು ಗ್ಲಾಸು ಆಗುತ್ತದೆ ಎಂದು ಮೊದಲು ಅಂದಾಜು ಹೇಳಿ, ಆಮೇಲೆ ಅಳೆಯಬೇಕು. ಮೊಮ್ಮಗಳು “ಹದಿನಾಲ್ಕು” ಎಂದಳು.

ಅಜ್ಜನಿಗೆ ತಡೆಯಲಾಗಲಿಲ್ಲ. “ಹನ್ನೆರಡರ ಮ್ಯಾಲೆ ಒಂದ ಕಾಳು ಬರೂದಿಲ್ಲ. ನಲವತ್ತ ವರ್ಷ ರಾಶಿ ಅಳದೇನಿ ನಾ.”

ಆಕೆ ಗ್ಲಾಸು ತುಂಬಿ “ಒಂದು” ಎಂದಳೋ ಇಲ್ಲವೋ, “ಏ, ರಾಶಿ ಅಳಿಯೂ ಮುಂದ ಒಂದು ಅನಬಾರದು, ಲಾಭ ಅನಬೇಕು” ಎಂದು ಅಜ್ಜ ಗ್ಲಾಸು ಕಸಿದುಕೊಂಡು, ಟೋಪಿ ಪಕ್ಕಕ್ಕಿಟ್ಟು, ಚಕ್ಕಳಮಕ್ಕಳ ಹಾಕಿ ಕೂತೇ ಬಿಟ್ಟರು. “ಲಾಭ, ಎರಡು, ಮೂರು...” ಮಕ್ಕಳೂ ದನಿಗೂಡಿಸಿದರು. ಹನ್ನೆರಡಕ್ಕೆ ಬುಟ್ಟಿ ಬರಿದಾಯಿತು. ಅಜ್ಜ ಮೀಸೆಯ ಮೇಲೆ ಕೈಯಾಡಿಸಿದರು.

“ಅಜ್ಜಾ, ನೀ ಮ್ಯಾಲೆ ಗುಡ್ಡಾ ಮಾಡಿ ಅಳದಿ,” ಎಂದಳು ಮೊಮ್ಮಗಳು. “ಪಟ್ಟಿಲೆ ಸವರಿ ಮಟ್ಟಸ ಅಳೀಬೇಕು. ಆಟದಾಗ ಹಂಗೈತಿ.”

“ಮಟ್ಟಸ ಅಳಿಯೂದು ಜಿಪುಣರು.”

“ಆಟದಾಗ ಹಂಗೈತ್ರಿ ಅಜ್ಜಾ,” ಎಂದು ಉಳಿದ ಹತ್ತೂ ಮಕ್ಕಳು ಒಂದೇ ಸಮ.

ಬೇರೆ ದಾರಿ ಇರಲಿಲ್ಲ. ಸ್ಕೇಲು ಪಟ್ಟಿಯಿಂದ ಸವರಿ ಸವರಿ ಮತ್ತೆ ಅಳೆದರು. ಸರಿಯಾಗಿ ಹದಿನಾಲ್ಕು. ಮಕ್ಕಳು ಕುಣಿದಾಡಿದರು. ಅಜ್ಜ ಬುಟ್ಟಿಯ ತಳವನ್ನೊಮ್ಮೆ ಬಡಿದು ನೋಡಿದರು.

ಅದೇ ಹೊತ್ತಿಗೆ ಹೆಡ್ ಮಾಸ್ತರರು ಬಾಗಿಲಲ್ಲಿ, “ಅಜ್ಜಾರ, ಕಾಗದಾ ತಯಾರ ಐತ್ರಿ. ಸಹಿ ಮಾಡಿ ಒಯ್ರಿ” ಎಂದರು.

ಅಜ್ಜ ತಲೆ ಎತ್ತಲಿಲ್ಲ. ಕಡಲೆ ಮತ್ತೆ ಬುಟ್ಟಿಗೆ ಸುರಿಯುತ್ತಲೇ, “ಅದು ನಿಮ್ಮ ಹಂತೇಲೆ ಇರಲಿ ಸರ್. ಸೋತು ಕರಕೊಂಡ ಹೋದ್ರ ಓಣ್ಯಾಗ ನಗತಾರ. ಗೆದ್ದ ಮ್ಯಾಲೆ ಒಯ್ತೇನಿ” ಎಂದರು.

ಸೋಮವಾರ ಗಂಟೆ ಬಾರಿಸುವ ಮೊದಲೇ ಅಜ್ಜ ಸ್ವಂತ ಸೇರು, ಒಂದು ಚೀಲ ಜೋಳದೊಂದಿಗೆ ಹಾಜರ್. ಅಂದಿನಿಂದ ಅವರ ಪಾಳಿ ತಪ್ಪಿಲ್ಲ. ಮೊಮ್ಮಗಳು ಈಗ ನಾಲ್ಕನೇ ತರಗತಿ. ಅಜ್ಜ ಮಾತ್ರ ಇನ್ನೂ ಒಂದನೇ ತರಗತಿಯಲ್ಲೇ ಇದ್ದಾರೆ.