ಏಳರ ಪೆಟ್ಟು

ಇನ್ನು ಮುಂದೆ ಸಿಂಧನೂರಿನ ಬ್ಯಾಂಡು ನಾಲ್ಕರ ತಾಳದ ಗುಲಾಮನಲ್ಲ! ೧೯೯೨ರ ಲಗ್ನದ ಹಂಗಾಮಿನಲ್ಲಿ ಡ್ರಮ್ ಬಾರಿಸುವ ಮೈಲಾರಲಿಂಗಪ್ಪ ಹೀಗೊಂದು ಘೋಷಣೆ ಹೊರಡಿಸಿದ. ಲಿಂಗಸುಗೂರಿನ ಅಂಗಡಿಯಲ್ಲಿ ಯಾವುದೋ ಪರದೇಶದ ಕ್ಯಾಸೆಟ್ ಕೇಳಿದಂದಿನಿಂದ ಅವನ ತಲೆ ತಲೆಯಾಗಿ ಉಳಿದಿರಲಿಲ್ಲ. ಅದರಲ್ಲಿ ಪೆಟ್ಟುಗಳು ನಾಲ್ಕು, ಎಂಟು ಎಂದು ಸಂಭಾವಿತರಂತೆ ಬರುತ್ತಿರಲಿಲ್ಲ. ಏಳಕ್ಕೇ ಮುಗಿದು, ಎಂಟನೆಯದಕ್ಕೆ ಕಾದವರ ಮುಖದ ಮೇಲೆ ಮತ್ತೆ ಮೊದಲನೆಯ ಪೆಟ್ಟು! ಮೆಟ್ಟಿಲಿದೆಯೆಂದು ಕಾಲಿಟ್ಟರೆ ನೆಲ ಸಿಕ್ಕಂತೆ!

ಮನೆಯಲ್ಲೇ ತಾಲೀಮು ಶುರುವಾಯಿತು. ಸೀಮೆಎಣ್ಣೆ ಡಬ್ಬಿ, ಜೋಳದ ಡ್ರಮ್ಮು, ಬೋರಲು ಹಾಕಿದ ಕೊಡ, ಯಾವುದಕ್ಕೂ ಮಾಫಿಯಿಲ್ಲ. ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಗದ್ದೆಮ್ಮನ ಕೈ ಅವನ ಏಳಕ್ಕೆ ಸಿಕ್ಕಿ ತಪ್ಪಿತು. ರೊಟ್ಟಿ ಹರಿದು ಎರಡಾಯಿತು.

"ಎರಡು, ಎರಡು, ಮೂರು! ಕೂಡಿಸಿದರ ಏಳು ಬೇ, ಏಳು!"

"ಏಳು ಏಳು ಅಂತ ನನಗ್ಯಾಕ ಹೇಳ್ತೀರಿ? ಮೊದಲ ನೀವು ಏಳ್ರಿ, ಒಲಿ ಮುಂದಿಂದ!"

ಅವನು ಏಳಲಿಲ್ಲ. ಏಳೂ ಬರಲಿಲ್ಲ. ಕೊನೆಯ ಮೂರು ಮುಗಿದರೂ ಹಾಳು ಕೈ ತಾನಾಗಿ ನಾಲ್ಕನೆಯದನ್ನು ಬಾರಿಸಿಬಿಡುತ್ತಿತ್ತು. ರೇಗಿದ ಗದ್ದೆಮ್ಮ ತಾಟು ಕುಕ್ಕಿದಳು. "ರೊಟ್ಟಿ, ಬ್ಯಾಳಿ, ಮಜ್ಜಿಗಿ! ಉಂಡು ಹೊರಗ ನಡೀರಿ!"

ಮೈಲಾರಲಿಂಗಪ್ಪ ಜಿಗಿದೆದ್ದ. ಅಕ್ಷರಕ್ಕೊಂದು ಪೆಟ್ಟು: ರೊಟ್ಟಿಗೆ ಎರಡು, ಬ್ಯಾಳಿಗೆ ಎರಡು, ಮಜ್ಜಿಗಿಗೆ ಮೂರು! ಬಾಯಿ ಊಟ ಹೇಳಿತು, ಕೈ ಏಳು ಬಾರಿಸಿತು. ಒಮ್ಮೆಯೂ ತಪ್ಪಲಿಲ್ಲ!

"ಸಿಕ್ತು ಬೇ ಗದ್ದೀ!"

"ಏನು ಸಿಕ್ತು? ಬುದ್ಧಿಯೇನ್ರೀ?"

ಬ್ಯಾಂಡಿನ ಮಾಲಕ, ಕ್ಲಾರಿನೆಟ್ಟಿನ ಗ್ಯಾನಪ್ಪ ಮಾತ್ರ ಹುಬ್ಬು ಗಂಟಿಕ್ಕಿದ. "ಕುಣಿಯೋರಿಗೆ ಇರೋವು ಎರಡ ಕಾಲು ಲೇ! ಏಳನೇದನ್ನ ಎಲ್ಲಿ ಇಡಬೇಕವರು? ಮಸ್ಕಿ ಲಗ್ನದಾಗ ಎಡವಟ್ಟಾದರ ನಿನ್ನ ಡ್ರಮ್ಮು ಬ್ಯಾರೆಯವರ ಕೊರಳಿಗೆ, ನೋಡು!"

"ನೀವೆಲ್ಲ ನನ್ನ ಜೋಡಿ ಒದರ್ರಿ ಸಾಕು. ಮಸ್ಕಿ ಅಲ್ಲಾಡಬೇಕು!"

ಮಸ್ಕಿ ಅಲ್ಲಾಡಿತು. ಜವಳಗೇರಾದ ವರನ ಮೆರವಣಿಗೆ ಹೆಣ್ಣಿನ ಮನೆಯ ಬೀದಿಗೆ ತಿರುಗುತ್ತಲೇ ಮೈಲಾರಲಿಂಗಪ್ಪ ಕಣ್ಣುಸನ್ನೆ ಮಾಡಿದ. ಇಡೀ ಬ್ಯಾಂಡು, ಊದುವವರನ್ನು ಬಿಟ್ಟು, ಗಂಟಲು ಹರಿಯುವಂತೆ ಕೂಗಿತು. "ರೊಟ್ಟಿ! ಬ್ಯಾಳಿ! ಮಜ್ಜಿಗಿ! ರೊಟ್ಟಿ! ಬ್ಯಾಳಿ! ಮಜ್ಜಿಗಿ!" ಅವನ ಮೈಯಲ್ಲಿ ಮಿಂಚು! ಕುಣಿಯುವ ಹುಡುಗರೂ ಹುರುಪೇರಿ, ಕಾಲು ತಪ್ಪಿದರೂ ಬಾಯಿ ಸೇರಿಸಿದರು.

ಹೆಣ್ಣಿನ ಅಪ್ಪ ಆದಪ್ಪ ಚಪ್ಪರದಿಂದ ಓಡಿ ಬಂದು ಮೆರವಣಿಗೆಗೆ ಅಡ್ಡ ನಿಂತ. ಮುಖ ಕೆಂಪಗಾಗಿತ್ತು.

"ನಿಲ್ಲಸ್ರಿ! ಊರ ತುಂಬ ಹೋಳಿಗಿ ವಾಸನಿ ಹೊಡ್ಯಾಕತ್ತೈತಿ, ನೀವು ರೊಟ್ಟಿ-ಮಜ್ಜಿಗಿ ಅಂತ ಬೊಬ್ಬಿ ಹಾಕ್ತೀರಿ? ಬೀಗರಿಗೆ ಕೂಳು ಹಾಕಲಾರದ ಮಂದಿಯೇನು ನಾವು?"

"ನಮ್ಮ ಬ್ಯಾಂಡಿನವರನ್ನ ತಡಿಯೋರು ನೀವ್ಯಾರ್ರೀ?" ಎಂದರು ಗಂಡಿನ ಕಡೆಯವರು. ಮಾತಿಗೆ ಮಾತು ಬೆಳೆಯಿತು. ಕುದುರೆ ಮೇಲಿದ್ದ ವರ ಇಳಿಯಲೋ ಬೇಡವೋ ತಿಳಿಯದೆ ಬಾಸಿಂಗ ಹಿಡಿದುಕೊಂಡು ಕೂತ. ಯಾರೋ ಕುದುರೆಯನ್ನು ಜವಳಗೇರಾ ಕಡೆ ತಿರುಗಿಸಿಯೂಬಿಟ್ಟರು!

ಒಂದು ತಾಳಕ್ಕೆ ಒಂದು ಲಗ್ನ ಮುರಿಯುವುದೇ! ಮೈಲಾರಲಿಂಗಪ್ಪ ಡ್ರಮ್ಮಿನ ಸಮೇತ ನಡುವೆ ನುಗ್ಗಿ ಕೈಮುಗಿದ. "ಸಾವಕಾರ್ರೇ, ಊಟ ಕೇಳಿಲ್ರೀ! ಅದು ತಾಳ! ಏಳರ ಲೆಕ್ಕ!"

"ಊಟ ಕೇಳೋ ತಾಳ ಯಾವ ದೇಶದ್ದಲೇ? ಖರೇ ಇದ್ದರ ಬಾಯಿ ಮುಚ್ಚಿ ಬಾರಿಸು!"

ಮೈಲಾರಲಿಂಗಪ್ಪ ತುಟಿ ಕಚ್ಚಿ ಕಡ್ಡಿ ಎತ್ತಿದ. ಎರಡು, ಎರಡು, ಮೂರು. ಎರಡು, ಎರಡು, ಮೂರು. ಕೂಗಿಲ್ಲ, ಆಸರೆಯಿಲ್ಲ. ಆದರೂ ಏಳು ನೀರಿನಂತೆ ಹರಿಯಿತು! ಜನ್ಮದಲ್ಲಿ ಅವನು ಇಷ್ಟು ಚೊಕ್ಕವಾಗಿ ಬಾರಿಸಿರಲಿಲ್ಲ. ಕೊನೆಯ ಪೆಟ್ಟು ಹೊಡೆದು, ಕಣ್ಣಲ್ಲಿ ನೀರು ತುಂಬಿಕೊಂಡು ಆದಪ್ಪನ ಮುಖ ನೋಡಿದ.

ಆದಪ್ಪನ ಸಿಟ್ಟು ಜರ್ರನೆ ಇಳಿದಿತ್ತು. ಅವನು ಮೈಲಾರಲಿಂಗಪ್ಪನ ಹೆಗಲ ಮೇಲೆ ಕೈಯಿಟ್ಟು, ಬೀಗರ ಕಡೆ ತಿರುಗಿ ಮರುಗಿದ.

"ತಪ್ಪು ನಂದೇ ರೀ. ಪಾಪ, ಹಸದ ಹೊಟ್ಟಿ! ಪ್ರತಿ ಸಲ ಒಂದು ಪೆಟ್ಟು ಬಿಟ್ಟು ಬಿಟ್ಟು ಹೋಗಾಕತ್ತೈತಿ. ನಡಿಯೋ ತಮ್ಮಾ, ಮೊದಲ ಉಣ್ಣು. ಆಮ್ಯಾಲ ಬರೋಬ್ಬರಿ ಬಾರಿಸುವಂತಿ!"