ಹೊಗಳುವ ಡಬ್ಬಿ

ತಮ್ಮ ವಿರೂಪಾಕ್ಷಿ ಮನೆಯಲ್ಲೇ ಮಾಡಿ ತಂದಿಟ್ಟ, ಫೋನಿನಿಂದ ಹಣ ಬಂದದ್ದನ್ನು ಕೂಗಿ ಹೇಳುವ ಡಬ್ಬಿಯ ಮೇಲಿನ ಟವೆಲನ್ನು ನೀಲವ್ವ ತಾನೇ ಸರಿಸಿದಳು. ಬಸ್ ನಿಲ್ದಾಣದಲ್ಲಿರುವ ಅವಳ ಕ್ಯಾಂಟೀನಿನಲ್ಲಿ ಡ್ರೈವರು ಕಂಡಕ್ಟರುಗಳು ಸೇರಿದ್ದರು. ಮೊಬೈಲ್ ವ್ಯಾಲೆಟ್ಟಿನ ಸ್ಟಿಕ್ಕರು ಗೋಡೆ ಹತ್ತಿ ಬಹಳ ದಿನವಾದರೂ ಒಬ್ಬನೂ ಅದರತ್ತ ಫೋನು ಎತ್ತಿರಲಿಲ್ಲ. ಫೋನಿನಲ್ಲಿ ಹಣ ಬಾರದೆ ಹೀಗೇ ಆದರೆ ಕ್ಯಾಂಟೀನು ಬೇರೆಯವರ ಪಾಲು ಎಂದು ನಿಲ್ದಾಣದ ಮ್ಯಾನೇಜರ್ ತೊರಗಲ್ ಸಾಹೇಬರು ಎಚ್ಚರಿಸಿದ್ದರು.

"ರಿಯಾಯ್ತಿ ಕೊಟ್ಟಿ, ಯಾರೂ ಬರ್ಲಿಲ್ಲ. ಮೋಸ ಇಲ್ಲಂತ ಬೋರ್ಡ್ ಹಾಕಿದಿ, ಯಾರೂ ನಂಬಲಿಲ್ಲ," ಎಂದ ವಿರೂಪಾಕ್ಷಿ. "ದುಡಿಯೋ ಮಂದಿಗೆ ಬೇಕಾದ್ದು ಬ್ಯಾರೇನ ಐತಿ, ಅಕ್ಕಾ. ಮಾಬುಸಾಬ, ಚಾದ ರೊಕ್ಕಾ ಫೋನಿನಾಗ ಹಾಕಪಾ."

ಕಂಡಕ್ಟರ್ ಮಾಬುಸಾಬ ಅಳುಕುತ್ತಲೇ ಹಾಕಿದ. ಡಬ್ಬಿ ಕೆಮ್ಮಿತು. "ಹಣ ಸಂದಿದೆ. ಕೊಟ್ಟವರು ಮಾಬುಸಾಬರು. ಕಾಲು ಊದಿದರೂ ನಗುತ್ತ ಟಿಕೆಟು ಕೊಡುವ ಮಹನೀಯರು."

ದಿನವಿಡೀ ಚಿಲ್ಲರೆಗಾಗಿ ಬೈಸಿಕೊಳ್ಳುವ ಮಾಬುಸಾಬನ ಕಣ್ಣು ತುಂಬಿ ಬಂತು. "ಇನ್ನೊಂದು ಚಾ ಕೊಡಕ್ಕಾ," ಎಂದ.

ಅಷ್ಟೇ ಸಾಕಾಯಿತು. ಫೋನೆಂದರೆ ಹಾವು ಕಂಡಂತೆ ಹಾರುತ್ತಿದ್ದವರೂ ವ್ಯಾಲೆಟ್ ಹಾಕಿಸಿಕೊಂಡು ಸಾಲುಗಟ್ಟಿದರು. ತಮ್ಮನ ಬುದ್ಧಿ ಊರಿಗೆಲ್ಲ ಕೇಳಲೆಂದು ನೀಲವ್ವ ಡಬ್ಬಿಯನ್ನು ನಿಲ್ದಾಣದ ಮೈಕಿಗೆ ಜೋಡಿಸಿದಳು. ಎಡವಟ್ಟಾದದ್ದು ಅಲ್ಲಿಯೇ. ಹೆಂಡತಿ ಮಕ್ಕಳನ್ನೂ ಕರೆತಂದು ಹೊಗಳಿಕೆ ಕೇಳಿಸುತ್ತ ಕೂತ ಡ್ರೈವರುಗಳು ಬಸ್ಸು ಬಿಡುವುದನ್ನೇ ಮರೆತರು. ಪ್ರಯಾಣಿಕರು ಗದ್ದಲ ಎಬ್ಬಿಸಿದರು. ತೊರಗಲ್ ಸಾಹೇಬರು ಕೆಂಡವಾಗಿ ಓಡಿಬಂದರು.

"ಬಂದ್ ಮಾಡ್ರಿ ಇದನ್ನ!"

"ಮಾಡೂಣಂತ್ರಿ, ಸಾಹೇಬ್ರ. ಮೊದಲು ನೀವೂ ಒಮ್ಮೆ ಹಾಕಿ ನೋಡ್ರಿ," ಎಂದು ನೀಲವ್ವ ಚಹಾ ಮುಂದಿಟ್ಟಳು. ಸಾಹೇಬರು ಗೊಣಗುತ್ತಲೇ ಫೋನಿನಲ್ಲಿ ಹಣ ಹಾಕಿದರು.

ಅಷ್ಟರಲ್ಲಿ ಡಬ್ಬಿಯ ಬಳಿ ಹೊಗಳಿಕೆ ಖಾಲಿಯಾಗತೊಡಗಿತ್ತು. ವಿರೂಪಾಕ್ಷಿ ಅದಕ್ಕೆ ಹಳೆಯ ಪತ್ರಿಕೆಗಳನ್ನೆಲ್ಲ ಓದಿಸಿದ್ದ. ನಮ್ಮಲ್ಲಿ ಮನುಷ್ಯನನ್ನು ಮನಸಾರೆ ಹೊಗಳುವುದು ಶ್ರದ್ಧಾಂಜಲಿಯ ಪುಟದಲ್ಲಿ ಮಾತ್ರ. ಡಬ್ಬಿ ಈಗ ಅದಕ್ಕೇ ಕೈ ಹಾಕಿತು.

"ತೊರಗಲ್ ಸಾಹೇಬರು ಶಿಸ್ತಿನ ಸಿಪಾಯಿ, ಬಡವರ ಬಂಧು. ಅವರ ಅಗಲಿಕೆಯಿಂದ ತುಂಬಲಾರದ ನಷ್ಟವಾಗಿದೆ. ಎಲ್ಲರೂ ಎದ್ದು ನಿಂತು ಮೌನ ಆಚರಿಸಿರಿ."

ನಿಲ್ದಾಣದ ತುಂಬ ಎಂಜಿನ್ನುಗಳು ಆರಿದವು. ಹೂವಿನಂಗಡಿಯಿಂದ ಹಾರ ಬಂತು. ಮೈಕಿನ ಸುದ್ದಿ ಕೇಳಿ ಸಾಹೇಬರ ಹೆಂಡತಿ ಅಳುತ್ತ ಆಟೋದಿಂದ ಇಳಿದವರು ಗಂಡನೂ ಕೈಕಟ್ಟಿ ನಿಂತದ್ದು ಕಂಡು ಗಾಬರಿಯಾದರು.

"ಏನ್ರೀ, ನೀವು ಇಲ್ಲೇ ಅದೀರಿ!"

"ಸುಮ್ನಿರ, ಇನ್ನೂ ಮುಗದಿಲ್ಲ. ಭಾಳ ಚೊಲೋ ಹೇಳಾಕತ್ತೈತಿ." ಸಾಹೇಬರು ಕಣ್ಣೊರೆಸಿಕೊಂಡರು. "ನೀಲವ್ವ, ಕ್ಯಾಂಟೀನ್ ನಿನಗ ಇರಲಿ."

ವಿರೂಪಾಕ್ಷಿ ನಾಚಿಕೆಯಿಂದ ವೈರು ಕೀಳಲು ಹೋದ. ನೀಲವ್ವ ಅವನ ಕೈ ಹಿಡಿದಳು.

"ತಲಿ ಯಾಕ ತಗ್ಗಸ್ತಿ? ಸತ್ತವರ ಕಡಿಂದನೂ ಫೋನಿನಾಗ ರೊಕ್ಕಾ ಹಾಕಿಸಿದಾಂವ ಈ ಜಿಲ್ಲಾದಾಗ ನೀ ಒಬ್ಬನ."