ಸೊನ್ನೆ ಬಂದರೆ ಗೆದ್ದ ಹಾಗೆ

ಸಮತೋಲನ ಮೇಷ್ಟ್ರಿಗೆ ಆ ಹೆಸರಿಟ್ಟವರು ಅವರ ವಿದ್ಯಾರ್ಥಿಗಳು. ಸೇತುವೆ ಯಾಕೆ ಬೀಳುವುದಿಲ್ಲ, ಸೂರು ಯಾಕೆ ಕುಸಿಯುವುದಿಲ್ಲ, ತಲೆಯ ಮೇಲೆ ಭಾರ ಹೇರಿದರೆ ಕಂಬ ಎಷ್ಟು ಬಲದಿಂದ ತಿರುಗಿ ಒತ್ತುತ್ತದೆ ಎಂಬುದನ್ನೆಲ್ಲ ತಾಂತ್ರಿಕ ಶಾಲೆಯಲ್ಲಿ ಕಲಿಸುತ್ತ ಕಲಿಸುತ್ತ ಅವರ ತಲೆ ನರೆತಿತ್ತು. ಆದರೆ ಮನೆಯಲ್ಲಿ ಒಂದು ಮೊಳೆ ಹೊಡೆಯುವ ಅಧಿಕಾರವೂ ಆ ಮಹಾನುಭಾವರಿಗೆ ಇರಲಿಲ್ಲ. (ಹಿಂದೊಮ್ಮೆ ಗಡಿಯಾರ ನೇತುಹಾಕಲು ಹೋಗಿ ಅರ್ಧ ಗೋಡೆಯ ಗಾರೆಯನ್ನು ನೆಲಕ್ಕಿಳಿಸಿದ್ದರು. ಅಂದಿನಿಂದ ಸುತ್ತಿಗೆ ಅತ್ತೆಯವರ ಮಂಚದ ಕೆಳಗೆ ಅಜ್ಞಾತವಾಸದಲ್ಲಿತ್ತು.)

ಮೇಷ್ಟ್ರ ಹೆಂಡತಿ ಮನೆಯಲ್ಲೇ ಹೊಲಿಗೆ ನಡೆಸುತ್ತಿದ್ದರು. ಆ ವರ್ಷ ಅವರಿಗೆ ಒಂದು ಇಡೀ ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಸಿಕ್ಕಿತು. ಅಷ್ಟು ದೊಡ್ಡ ಕೆಲಸ ಅದೇ ಮೊದಲು. ಸಂತೋಷದ ಹಿಂದೆಯೇ ನೀಲಿ ಬಟ್ಟೆಯ ಥಾನುಗಳೂ ಬಂದವು. ಮಂಚದ ಮೇಲೆ ಥಾನು, ಊಟದ ಮೇಜಿನ ಮೇಲೆ ಥಾನು. ಮನೆಮಂದಿ ನಿಂತುಕೊಂಡೇ ಉಣ್ಣುವ ಕಾಲ ಬಂತು. ಹೊಲಿಗೆ ಯಂತ್ರದ ಮೇಲ್ಗಡೆ ಗೋಡೆಗೆ ಒಂದು ಅಗಲವಾದ ಹಲಗೆಯ ಅಟ್ಟ ಹಾಕಿಸದೆ ಗತಿಯಿಲ್ಲ ಎಂದಾಯಿತು. ಬಡಗಿಯನ್ನು ಕೇಳಿದರೆ "ನಾಳೆ ಬರ್ತೀನಿ" ಎಂದ. ಆ ನಾಳೆ ದಿನಾ ಬರುತ್ತಿತ್ತು, ಬಡಗಿ ಮಾತ್ರ ಬರಲಿಲ್ಲ.

"ನಾನೇ ಹಾಕ್ತೀನಿ," ಎಂದರು ಮೇಷ್ಟ್ರು.

ಹೆಂಡತಿಯ ಕತ್ತರಿ ಅರ್ಧದಲ್ಲೇ ನಿಂತಿತು. "ಬೇಡ ರೀ. ಅದು ಬಿದ್ರೆ ನನ್ನ ಮೆಷಿನ್ ಮೇಲೇ ಬೀಳೋದು. ಮೆಷಿನ್ ಹೋದ್ರೆ ಈ ಕೆಲಸಾನೂ ಹೋಯ್ತು, ನನ್ನ ಮರ್ಯಾದೇನೂ ಹೋಯ್ತು."

"ಬೀಳೋದೇ ಇಲ್ಲ ಕಣೇ. ಪ್ರತಿ ಬಲಕ್ಕೂ ಒಂದು ಪ್ರತಿಬಲ ಇರುತ್ತೆ."

"ಅದೆಲ್ಲ ನಿಮಗೆ ಹೇಗೆ ಅಷ್ಟು ಗಟ್ಟಿಯಾಗಿ ಗೊತ್ತು?"

"ಈ ಮನೇಲಿ ನನ್ನ ಪ್ರತಿ ಮಾತಿಗೂ ಒಂದು ಪ್ರತಿಮಾತು ಇರುತ್ತಲ್ಲ, ಹಾಗೆ."

ಹೆಂಡತಿಗೆ ನಗು ಬಂದುಬಿಟ್ಟಿತು. ಮೇಷ್ಟ್ರು ಅದನ್ನೇ ಒಪ್ಪಿಗೆ ಎಂದು ಭಾವಿಸಿ, ಆಕೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಎತ್ತಿಕೊಂಡು ಗೋಡೆಯ ಮೇಲೆ ಚಿತ್ರ ಬರೆಯತೊಡಗಿದರು. ಕೆಳಕ್ಕೆ ಬಾಣ, ಮೇಲಕ್ಕೆ ಬಾಣ, ಅಡ್ಡ ಬಾಣ. ಗೋಡೆ ಒಂದು ರಣರಂಗವಾಯಿತು. ಅತ್ತೆಯವರು ಎದ್ದು ಬಂದು ಕನ್ನಡಕ ಏರಿಸಿದರು.

"ನೋಡಿ ಅತ್ತೆ, ಬಟ್ಟೆ ಭಾರ ಹಲಗೇನ ಕೆಳಕ್ಕೆ ಎಳೆಯುತ್ತೆ. ಆಗ ಮೇಲಿನ ಬೋಲ್ಟು ಗೋಡೆಯಿಂದ ಕಿತ್ಕೊಂಡು ಬರೋಕೆ ನೋಡುತ್ತೆ. ಅದಕ್ಕೇ ಕೆಳಗಿಂದ ಓರೆಯಾಗಿ ಕಬ್ಬಿಣದ ಆಸರೆ ಕೊಡೋದು. ಅದು ಭಾರಾನ ಗೋಡೆಗೆ ಒಪ್ಪಿಸುತ್ತೆ. ಭಾರದ ಥಾನೆಲ್ಲ ಗೋಡೆಗೆ ಅಂಟಿಕೊಂಡಿರಬೇಕು, ಹಗುರದ್ದು ಅಂಚಿಗೆ. ಕೊನೆಗೆ ಎಲ್ಲಾ ಬಲ ಕೂಡಿದ್ರೆ ಸೊನ್ನೆ!"

"ಇಷ್ಟೊತ್ತು ಗೋಡೆ ಗಲೀಜು ಮಾಡಿ ಸೊನ್ನೆ ಬಂತಾ ಅಳಿಯಂದ್ರೆ?"

"ಸೊನ್ನೆ ಬಂದ್ರೇ ಗೆದ್ದ ಹಾಗೆ ಅತ್ತೆ."

"ಹಾಗಾದ್ರೆ ಪರೀಕ್ಷೇಲಿ ಹುಡುಗರಿಗೂ ಹಾಗೇ ಹೇಳಿ, ಪಾಪ," ಎಂದು ಅತ್ತೆಯವರು ಮಂಚದ ಕೆಳಗೆ ಬಗ್ಗಿ ಸುತ್ತಿಗೆಯನ್ನು ವನವಾಸದಿಂದ ಬಿಡಿಸಿ ಕೊಟ್ಟರು.

ಭಾನುವಾರ ಪೂರ್ತಿ ಮನೆ ನಡುಗಿತು. ಗೋಡೆ ಕೊರೆಯುವ ಸದ್ದಿಗೆ ಬೀದಿ ನಾಯಿಗಳೂ ಸಭೆ ಮುಗಿಸಿ ಹೊರಟವು. ಸಂಜೆಗೆ ಅಟ್ಟ ಗೋಡೆಯ ಮೇಲೆ ನಿಂತಿತ್ತು, ನೀರಿನ ಮಟ್ಟದಷ್ಟು ನೇರವಾಗಿ! ಅಷ್ಟರಲ್ಲಿ ಹೆಂಡತಿಯ ಅಣ್ಣ ಬಂದರು. ಅವರು ಲಾರಿ ಓಡಿಸುವವರು. ಭಾರದ ವಿಷಯದಲ್ಲಿ ತಮಗಿಂತ ಬಲ್ಲವರಿಲ್ಲ ಎಂದು ನಂಬಿದವರು.

"ಮೇಷ್ಟ್ರೇ, ಇದು ಬಿದ್ರೆ?"

"ಬಿದ್ರೆ ಮೀಸೆ ಬೋಳಿಸ್ತೀನಿ ಭಾವ!"

"ನಿಮಗೆ ಮೀಸೇನೇ ಇಲ್ವಲ್ಲ."

"ಬೆಳೆಸಿ ಬೋಳಿಸ್ತೀನಿ!"

ಥಾನುಗಳು ಒಂದೊಂದಾಗಿ ಮೇಲೇರಿದವು. ಹೆಂಡತಿ ಒಂದು ಕೈ ಯಂತ್ರದ ಮೇಲಿಟ್ಟು, ಇನ್ನೊಂದರಿಂದ ಸೆರಗು ಹಿಡಿದು ಉಸಿರು ಬಿಗಿಹಿಡಿದರು. ಅಟ್ಟ ಕಿರ್ ಎನ್ನಲಿಲ್ಲ, ಕೂದಲೆಳೆಯಷ್ಟೂ ಬಾಗಲಿಲ್ಲ. ಕೊನೆಯ ಥಾನು ಕೂತಾಗ ಮೇಷ್ಟ್ರ ಎದೆ ಊದಿತು.

"ಬಟ್ಟೆ ತಾನೇ," ಎಂದರು ಭಾವ, ಉದಾಸೀನವಾಗಿ. "ಮನುಷ್ಯ ಕೂತ್ರೆ ಗೊತ್ತಾಗುತ್ತೆ."

ಅಷ್ಟು ಸಾಕಾಯಿತು. ಹೆಂಡತಿ ಬೇಡ ಬೇಡ ಎನ್ನುತ್ತಿದ್ದಂತೆಯೇ ಮೇಷ್ಟ್ರು ಏಣಿ ಹತ್ತಿ, ಥಾನುಗಳನ್ನು ಪಕ್ಕಕ್ಕೆ ಸರಿಸಿ, ಬೆನ್ನನ್ನು ಗೋಡೆಗೆ ಆನಿಸಿ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು. ಅಟ್ಟ ಅಲುಗಲಿಲ್ಲ! ಭಾವ ಬಾಯಿ ಬಿಟ್ಟುಕೊಂಡು ನೋಡಿದರು. ಸಿಂಹಾಸನವೇರಿದ ಚಕ್ರವರ್ತಿಯಂತೆ ಮೇಷ್ಟ್ರು ಕೈಯೆತ್ತಿ, "ಈಗೇನಂತೀರಾ?" ಎಂದು ಕಾಲು ಚಾಚಿದರು. ಕಾಲು ಏಣಿಗೆ ತಾಗಿತು. ಏಣಿಯ ಬುಡ ಸುರ್ರನೆ ಜಾರಿ, ಏಣಿ ಧಡಾರನೆ ನೆಲ ಹಿಡಿಯಿತು. ಯಂತ್ರಕ್ಕೆ ಒಂದು ಗೀರೂ ಆಗಲಿಲ್ಲ.

ಹೆಂಡತಿ ಬಗ್ಗಿ ನೋಡಿದರು. ಏಣಿಯ ಬುಡಕ್ಕೆ ಸಿಕ್ಕಿದ್ದು ಉಡುಪಿನ ಒಳಪದರಕ್ಕೆ ಹಾಕುವ ನುಣುಪಾದ ಅಸ್ತರಿನ ಬಟ್ಟೆಯ ಚೂರು. "ಇದರ ಮೇಲೆ ಏಣಿ ನಿಲ್ಲಿಸಿದೋರು ಯಾರು ರೀ?"

ಮೇಷ್ಟ್ರ ದನಿ ತಗ್ಗಿತು. "ಘರ್ಷಣೆ ಕಡಿಮೆ ಆಯ್ತು, ಅಷ್ಟೇ."

"ಈ ಮನೇಲಿ ಘರ್ಷಣೆ ಕಡಿಮೆ ಆಯ್ತು ಅಂತ ಇದೇ ಮೊದಲು ಕೇಳ್ತಿರೋದು," ಎಂದರು ಅತ್ತೆಯವರು.

ಏಣಿ ಎತ್ತಬೇಕು ಎನ್ನುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಬಂದವರು ರವಿಕೆ ಹೊಲಿಯಲು ಕೊಟ್ಟಿದ್ದ ಪಕ್ಕದ ಬೀದಿಯ ದಾದಿಯಮ್ಮ. ತಲೆಯೆತ್ತಿ, ಥಾನುಗಳ ನಡುವೆ ಕೂತಿದ್ದ ಮೇಷ್ಟ್ರನ್ನು ಕಂಡು ಮೂಗಿನ ಮೇಲೆ ಬೆರಳಿಟ್ಟರು.

"ನಮ್ಮ ಯಜಮಾನ್ರೇ ಹಾಕಿದ್ದು," ಎಂದರು ಹೆಂಡತಿ. ಆ ದನಿಯಲ್ಲಿ ಎಂಥ ಜಂಬ! "ಒಬ್ಬರೇ ಲೆಕ್ಕ ಹಾಕಿ ಹಾಕಿದ್ರು. ಆನೆ ಕೂತ್ರೂ ಬೀಳಲ್ಲ. ಬನ್ನಿ, ಒಳಗೆ ಟೀ ಕುಡೀತಾ ಹೇಳ್ತೀನಿ."

ಭಾವ ಏಣಿಯ ಕಡೆ ಕೈ ಚಾಚಿದರು. ಮೇಷ್ಟ್ರು ಸುಮ್ಮನಿರಿ ಎಂದು ಸನ್ನೆ ಮಾಡಿದರು. ಮದುವೆಯಾದಾಗಿನಿಂದ ಕೇಳದ ಹೊಗಳಿಕೆ ಅಡುಗೆಮನೆಯಿಂದ ಹರಿದು ಬರುತ್ತಿತ್ತು. ಏಣಿ ಸದ್ದಾದರೆ ಅದು ನಿಂತುಹೋದೀತು!

"ಹೊಗಳಿ ಅಟ್ಟಕ್ಕೇರಿಸೋದು ನೋಡಿದ್ದೆ," ಎಂದು ಭಾವ ಪಿಸುಗುಟ್ಟಿದರು. "ಅಟ್ಟಕ್ಕೇರಿಸಿ ಹೊಗಳೋದು ಇವತ್ತೇ ನೋಡಿದ್ದು." ಎಂದವರೇ ಅತ್ತೆಯವರ ಹಿಂದೆ ಅವರೂ ಟೀಗೆ ಹೊರಟುಹೋದರು.

ಮೇಷ್ಟ್ರು ಕಣ್ಣು ಮುಚ್ಚಿ, ಒಂದೊಂದು ಮಾತನ್ನೂ ಚಪ್ಪರಿಸುತ್ತ ಕೂತರು.

"ನಮ್ಮನೇಲೂ ಒಂದು ಹಾಕಿಸ್ಕೊಡ್ತೀರಾ?" ದಾದಿಯಮ್ಮನ ದನಿ.

"ಅದಕ್ಕೇನು? ನಿಮ್ಮನೆಗೂ ಹಾಕ್ತಾರೆ, ನಿಮ್ಮಕ್ಕನ ಮನೆಗೂ ಹಾಕ್ತಾರೆ. ಆಸ್ಪತ್ರೇಲಿ ಎಲ್ಲರಿಗೂ ಹೇಳಿ. ಬೇಸಿಗೆ ರಜ ಪೂರ್ತಿ ಮನೇಲಿ ಸುಮ್ನೇ ಕೂತಿರ್ತಾರೆ."

"ಆದ್ರೆ ಅಲ್ಲೂ ಹೀಗೇ ಹತ್ತಿ ಕೂತು ತೋರಿಸ್ಬೇಕು, ಆಮೇಲೆ ಆಗಲ್ಲ ಅನ್ಬಾರ್ದು," ಎಂದರು ದಾದಿಯಮ್ಮ.

"ಎಲ್ಲಾ ಮನೇಲೂ ಕೂರ್ತಾರೆ ಬಿಡಿ!"

ಮೇಷ್ಟ್ರು ಥಟ್ಟನೆ ಕಣ್ಣು ತೆರೆದರು. "ಏಣಿ! ಯಾರಲ್ಲಿ? ಏಣಿ ಕೊಡ್ರೋ!"

ಅಡುಗೆಮನೆಯಿಂದ ಅತ್ತೆಯವರು ಕೂಗಿ ಹೇಳಿದರು: "ಸ್ವಲ್ಪ ತಡೀರಿ ಅಳಿಯಂದ್ರೆ, ನಿಮ್ಮನ್ನ ಹೊಗಳಿ ಇನ್ನೂ ಮುಗಿದಿಲ್ಲ!"